11 ನಿಮಿಷದ ರಾಗಿ ಹೊಲ: ಕೊಳೆತ 16 ಎಂಎಂ ರೋಲಿನಿಂದ ಒಂದು ಸಿನಿಮಾ

ಕಲಾಸಿಪಾಳ್ಯದ ಗುಜರಿ ಅಂಗಡಿಯೊಂದರಲ್ಲಿ ತೂಕಕ್ಕೆ ಕೊಂಡ ಮೂರು ತಗಡಿನ ಡಬ್ಬಗಳಲ್ಲಿ ಇದು ಮೊದಲನೆಯದು. 16 ಎಂಎಂ, ಕಪ್ಪು-ಬಿಳುಪು, ಆಪ್ಟಿಕಲ್ ಸೌಂಡ್ (ಫಿಲ್ಮಿನ ಅಂಚಿನಲ್ಲೇ ಅಚ್ಚಾದ ಧ್ವನಿ) ಇರುವ ಪ್ರಿಂಟ್. ರಾಗಿ ಬೆಳೆಯುವುದು ಹೇಗೆ ಅಂತ ರೈತರಿಗೆ ಹೇಳಿಕೊಡುವ ಸಿನಿಮಾ. ಜೀಪಿನಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಊರೂರಿಗೆ ಹೋಗಿ, ಗುಡಿ ಮುಂದೆ ಬಿಳಿ ಪರದೆ ಕಟ್ಟಿ ತೋರಿಸುತ್ತಿದ್ದರಲ್ಲ, ಆ ಜಾತಿಯದು. ಟೈಟಲ್ ಇದ್ದ ಭಾಗ ಹರಿದುಹೋಗಿದೆ. ಯಾರು ತೆಗೆದದ್ದು ಅಂತ ಎಲ್ಲೂ ಬರೆದಿಲ್ಲ. ಉಳಿದದ್ದು ಸುಮಾರು 370 ಅಡಿ.

ಇದನ್ನು ತೊಳೆದು ಬಳಿದು ಹೊಸದರಂತೆ ಮಾಡುವ ಆಸೆ ನನಗಿರಲಿಲ್ಲ. ಹಾಳಾದ ಫಿಲ್ಮನ್ನೇ ಇಟ್ಟುಕೊಂಡು ಒಂದು ಪ್ರಯೋಗದ ಡಾಕ್ಯುಮೆಂಟರಿ ಮಾಡಬೇಕು ಅಂತ ಇತ್ತು. ಈ ಥರದ ಸಿನಿಮಾಗಳ ಬಗ್ಗೆ ನನ್ನದೊಂದು ತಕರಾರೂ ಇತ್ತು. ಬೂಷ್ಟು ಹಿಡಿದ ಚಿತ್ರ, ಕರಗಿಹೋದ ಮುಖ, ಮೇಲೊಂದು ಗಂಭೀರ ಸಂಗೀತ. ನೋಡಲು ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಆ ಬೂಷ್ಟು ಅಲ್ಲೇ ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ಹಾಳು ಬರೀ ಅಲಂಕಾರ ಆಗಿಬಿಡುತ್ತದೆ. ಫೋನಿನ ಆ್ಯಪಿನಲ್ಲಿ ಹಳೇ ಫಿಲ್ಮ್ ಎಫೆಕ್ಟ್ ಒತ್ತಿದರೂ ಅದೇ ಸಿಗುತ್ತೆ, ಅಲ್ವಾ? ಫಿಲ್ಮಿನ ಮೇಲಿನ ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ಅದನ್ನು ಅಳೆಯಬಹುದು. ಅಳೆದರೆ ಎಡಿಟಿಂಗ್ ಹೇಗಿರಬೇಕು ಅಂತ ಅದೇ ಹೇಳುತ್ತದೆ. ಕೆಳಗಿನದೆಲ್ಲ ಆ ಅಳತೆಯ ಲೆಕ್ಕ.

ವಾಸನೆ, ಆಮೇಲೆ ಸ್ಕೇಲು

ಮುಚ್ಚಳ ತೆಗೆದರೆ ಗಪ್ಪನೆ ವಿನಿಗರ್ ವಾಸನೆ. 16 ಎಂಎಂ ಫಿಲ್ಮನ್ನು ಕೊಡಾಕ್ 1923ರಲ್ಲಿ ತಂದಾಗಿನಿಂದಲೂ ಅದರ ಬೇಸ್, ಅಂದರೆ ಚಿತ್ರವನ್ನು ಹೊರುವ ಪ್ಲಾಸ್ಟಿಕ್ ಪಟ್ಟಿ, ಹೆಚ್ಚಾಗಿ ಅಸಿಟೇಟ್ ಜಾತಿಯದು. ಶಾಖ, ತೇವ ಸಿಕ್ಕರೆ ಅಸಿಟೇಟ್ ನಿಧಾನವಾಗಿ ಒಡೆಯುತ್ತದೆ, ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಉಳಿದದ್ದನ್ನು ಇನ್ನೂ ಬೇಗ ಒಡೆಯುತ್ತದೆ. ಅದಕ್ಕೇ ಇಂಥ ಡಬ್ಬವನ್ನು ಒಳ್ಳೆಯ ಫಿಲ್ಮುಗಳ ಜೊತೆ ಇಡಬಾರದು, ಗಾಳಿ ಆಡದಂತೆ ಬಿಗಿಯಾಗಿ ಮುಚ್ಚಲೂಬಾರದು. ಎಷ್ಟು ಹಾಳಾಗಿದೆ ಅಂತ ನೋಡಲು ಎ-ಡಿ ಸ್ಟ್ರಿಪ್ ಅಂತ ಬಣ್ಣದ ಕಾಗದ ಬರುತ್ತದೆ. ಡಬ್ಬದೊಳಗೆ ಇಟ್ಟರೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ. ನನ್ನದು ಪೂರ್ತಿ ಹಳದಿ.

35 ಎಂಎಂ ಡಬ್ಬ ಸಿಕ್ಕವರಿಗೆ ಒಂದು ಎಚ್ಚರಿಕೆ. 1950ರ ದಶಕದ ಮೊದಲ ವರ್ಷಗಳವರೆಗಿನ 35 ಎಂಎಂ ಫಿಲ್ಮ್ ನೈಟ್ರೇಟ್ ಆಗಿರಬಹುದು. ಅದು ಉರಿಯುವಾಗ ತನ್ನ ಆಮ್ಲಜನಕ ತಾನೇ ಬಿಡುತ್ತದೆ, ನೀರಿನೊಳಗೆ ಮುಳುಗಿಸಿದರೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ನೈಟ್ರೇಟ್ ಫಿಲ್ಮುಗಳ ಉಗ್ರಾಣವೇ ಸುಟ್ಟುಹೋಯಿತು. ಅಂಚಿನಲ್ಲಿ 'ಸೇಫ್ಟಿ' ಅಂತ ಅಕ್ಷರ ಕಾಣದಿದ್ದರೆ ಮನೆಗೆ ತರಬೇಡಿ. ಚೂರು ಕತ್ತರಿಸಿ ಸುಟ್ಟು ನೋಡುವ ಸಾಹಸವೂ ಬೇಡ.

ನನ್ನ ರೋಲಿನ ಅಂಚಿನಲ್ಲಿ 'ಓರ್ವೊ ಸೇಫ್ಟಿ' ಅಂತ ಇತ್ತು. ಪೂರ್ವ ಜರ್ಮನಿಯ ವೋಲ್ಫೆನ್ ಕಾರ್ಖಾನೆಯ ಮಾಲು. ಓರ್ವೊ ಅನ್ನುವ ಹೆಸರು ಬಂದದ್ದೇ 1964ರಲ್ಲಿ. ಅಂದರೆ ಪ್ರಿಂಟ್ ಅದಕ್ಕಿಂತ ಹಳೆಯದಲ್ಲ. ಆಮೇಲೆ ಧ್ವನಿ ಕೇಳಿಸಿದಾಗ ನಿರೂಪಕ 'ನಮ್ಮ ಮೈಸೂರು ರಾಜ್ಯದಲ್ಲಿ' ಅನ್ನುತ್ತಾನೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಮಾತೂ ಬರುತ್ತದೆ, ಅದು ಶುರುವಾದದ್ದು 1964ರಲ್ಲಿ. ಟೈಟಲ್ ಇಲ್ಲದಿದ್ದರೂ ಸಿನಿಮಾದ ವಯಸ್ಸು ಹತ್ತು ವರ್ಷದ ಒಳಗೆ ಸಿಕ್ಕಿತು.

ಆಮೇಲೆ ಸ್ಕೇಲು. ಅಸಿಟೇಟ್ ಒಡೆದಂತೆ ಕುಗ್ಗುತ್ತದೆ. 16 ಎಂಎಂ ಪ್ರಿಂಟಿನಲ್ಲಿ ತೂತಿನಿಂದ ತೂತಿಗೆ 7.62 ಮಿ.ಮೀ. ನೂರು ಫ್ರೇಮ್ ಎಣಿಸಿ ಅಳೆದರೆ 762 ಮಿ.ಮೀ. ಬರಬೇಕು. ನನ್ನದು 751 ಬಂತು. ಶೇ 1.4ರಷ್ಟು ಕುಗ್ಗಿದೆ. ಶೇ 1 ದಾಟಿದ ಫಿಲ್ಮನ್ನು ಮಾಮೂಲಿ ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಗಳು ತೂತು ಹರಿಯುತ್ತಾ ಹೋಗುತ್ತವೆ. ಒಂದೊಂದೇ ಫ್ರೇಮಿನ ಫೋಟೋ ತೆಗೆದು ಸ್ಕ್ಯಾನ್ ಮಾಡುವ, ಹಲ್ಲಿಲ್ಲದ ಯಂತ್ರ ಬೇಕು. ಹಾಗಾಗಿ ಅದನ್ನು ಕಟ್ಟಲು ಕೂತೆ.

ಅದಕ್ಕೂ ಮೊದಲು ರೋಲನ್ನು ಬಿಚ್ಚಬೇಕಿತ್ತು. ಹೊರಗಿನ ಕೆಲವು ಸುತ್ತು ಒಂದಕ್ಕೊಂದು ಅಂಟಿಕೊಂಡಿದ್ದವು. ಚಿತ್ರ ಇರುವ ಪದರ, ಎಮಲ್ಶನ್, ಅಂದರೆ ಜೆಲಟಿನ್, ಅದು ಬೂಷ್ಟಿಗೆ ಮೃಷ್ಟಾನ್ನ. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ, ಒದ್ದೆ ಬಟ್ಟೆ ಮುಟ್ಟಿಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಬೆಂಗಳೂರಿನ ಮಳೆಗಾಲದ ಗಾಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ಫೆಬ್ರವರಿಯ ಒಣ ಹವೆಗೆ ಕಾದು, ರೋಲನ್ನು ಕೋಣೆಯಲ್ಲಿ ಒಣಗಲು ಬಿಟ್ಟು, ಮಾಸ್ಕ್ ಹಾಕಿಕೊಂಡು, ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೈಕ್ರೋಫೈಬರ್ ಬಟ್ಟೆಯಲ್ಲಿ ಇಂಚು ಇಂಚಾಗಿ ಒರೆಸಿದೆ. ಒರೆಸಿದ್ದು ಧೂಳು ಮಾತ್ರ. ಕಲೆಗೆ ಕೈ ಹಚ್ಚಲಿಲ್ಲ. ಹರಿದ ತೂತುಗಳಿಗೆ ಸ್ಪ್ಲೈಸಿಂಗ್ ಟೇಪ್.

ಯಂತ್ರ

ಒಂದು ಹಲಗೆ, ಎರಡು ಕಡೆ ರೋಲ್ ತಿರುಗಿಸುವ ತಟ್ಟೆ, ನಡುವೆ ಫ್ರೇಮನ್ನು ಬೆಳಕಿನ ಮುಂದೆ ಹಿಡಿಯುವ ಗೇಟ್, ಗೇಟಿನ ಹಿಂದೆ ಎಲ್‌ಇಡಿ, ಮುಂದೆ ಕ್ಯಾಮೆರಾ. ಇಷ್ಟೇ. ಫಿಲ್ಮನ್ನು ಎಳೆಯುವುದು ರಬ್ಬರ್ ತೊಡಿಸಿದ ಒಂದು ನುಣುಪು ಉರುಳೆ, ಕ್ಯಾಪ್‌ಸ್ಟನ್. ಅದರ ಒಂದು ಸುತ್ತಿಗೆ ಸರಿಯಾಗಿ ಹತ್ತು ಫ್ರೇಮ್ ಸಾಗಬೇಕು ಅಂತ ಲೆಕ್ಕ ಹಾಕಿದೆ. 76.2 ಮಿ.ಮೀ. ಸುತ್ತಳತೆಗೆ 24.25 ಮಿ.ಮೀ. ವ್ಯಾಸ. ಫಿಲ್ಮಿನ ದಪ್ಪ 0.15 ಕಳೆದರೆ ರಬ್ಬರ್ ಸೇರಿ 24.1. ಪೀಣ್ಯದ ಲೇತ್ ವರ್ಕ್‌ಶಾಪಿನವರು ಇಷ್ಟು ಸಣ್ಣ ಪೀಸಾ ಅಂತ ನಕ್ಕರು, ಆದರೆ ಅಳತೆಯಲ್ಲಿ ಕೂದಲೆಳೆ ತಪ್ಪಲಿಲ್ಲ.

ಮೋಟಾರು, ಡ್ರೈವರ್, ಅವನ್ನು ನಡೆಸುವ ಆರ್ಡುಯಿನೊ ಬೋರ್ಡು ಎಲ್ಲ ಎಸ್‌ಪಿ ರೋಡಿನ ಅಂಗಡಿಗಳದು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೀಮಾ 17 ಸ್ಟೆಪ್ಪರ್ ಮೋಟಾರಿಗೆ ಸುತ್ತಿಗೆ 200 ಹೆಜ್ಜೆ, ಒಂದೊಂದನ್ನು ಹದಿನಾರು ಭಾಗ ಮಾಡಿದರೆ 3,200. ಹತ್ತು ಫ್ರೇಮಿಗೆ ಹಂಚಿದರೆ ಫ್ರೇಮಿಗೆ 320. ಕುಗ್ಗಿದ ನನ್ನ ರೋಲಿಗೆ ಇದು 315.4 ಆಗುತ್ತದೆ. ಕೋಡಿನಲ್ಲಿ ಒಮ್ಮೆ 315, ಒಮ್ಮೆ 316. ಇಷ್ಟು ಸಾಲದು. ಕುಗ್ಗುವಿಕೆ ರೋಲಿನ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಹೊರಗಿನ ಸುತ್ತುಗಳಲ್ಲಿ ಜಾಸ್ತಿ, ಒಳಗೆ ಕಡಿಮೆ. ಅದಕ್ಕೆ ಪ್ರತಿ ಚಿತ್ರದಲ್ಲೂ ತೂತು ಎಲ್ಲಿದೆ ಅಂತ ಓಪನ್‌ಸಿವಿ ಅನ್ನುವ ಸಾಫ್ಟ್‌ವೇರ್ ಹುಡುಕುತ್ತದೆ, ಮುಂದಿನ ಹೆಜ್ಜೆಯನ್ನು ಒಂದೆರಡು ಆಚೀಚೆ ಮಾಡುತ್ತದೆ.

ಕ್ಯಾಮೆರಾ ರಾಸ್ಪ್‌ಬೆರಿ ಪೈ ಎಚ್‌ಕ್ಯೂ. ಅದರ ಸೆನ್ಸರ್ ಅಗಲ 6.3 ಮಿ.ಮೀ., 4,056 ಪಿಕ್ಸೆಲ್. ಲೆನ್ಸು ಬಾಗಿಲು ಮುಚ್ಚಿದ ಫೋಟೋ ಸ್ಟುಡಿಯೊ ಒಂದರ ಡಾರ್ಕ್‌ರೂಮಿನಿಂದ ಬಂದ 50 ಎಂಎಂ ಎನ್ಲಾರ್ಜರ್ ಲೆನ್ಸು. ಹತ್ತಿರದ ಚಪ್ಪಟೆ ವಸ್ತುವಿಗೇ ಮಾಡಿದ ಲೆನ್ಸು ಇದು, ಕ್ಯಾಮೆರಾ ಲೆನ್ಸುಗಳಿಗಿಂತ ಅಂಚು ಎಷ್ಟೋ ಚೊಕ್ಕ.

ಇಲ್ಲೊಂದು ತೀರ್ಮಾನ ಮಾಡಬೇಕಿತ್ತು. 16 ಎಂಎಂ ಫಿಲ್ಮಿನಲ್ಲಿ ಚಿತ್ರದ ಅಗಲ ಬರೀ 10.26 ಮಿ.ಮೀ. ಅಷ್ಟನ್ನೇ ತುಂಬಿಸಿದರೆ ಚಿತ್ರಕ್ಕೆ ಪಿಕ್ಸೆಲ್ ಜಾಸ್ತಿ. ಸಾಮಾನ್ಯವಾಗಿ ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಅಂಚಿನಿಂದ ಅಂಚಿಗೆ ಪೂರ್ತಿ 16 ಮಿ.ಮೀ. ತೆಗೆದೆ. ಲೆನ್ಸಿನಿಂದ ಫಿಲ್ಮಿಗೆ 178 ಮಿ.ಮೀ., ಸೆನ್ಸರಿಗೆ 70. ತೂತುಗಳು, ಅಂಚಿನ ಅಕ್ಷರ, ಸೌಂಡ್ ಟ್ರ್ಯಾಕ್, ಮೇಲೆ ಕೆಳಗೆ ಪಕ್ಕದ ಫ್ರೇಮಿನ ಚೂರು, ಎಲ್ಲವೂ ಬಂತು. ಚಿತ್ರಕ್ಕೆ ಉಳಿದದ್ದು 2,600 ಪಿಕ್ಸೆಲ್ ಅಗಲ. ಊರೂರು ಸುತ್ತಿ ಗೀರು ಬಿದ್ದ ಪ್ರಿಂಟಿಗೆ ಅದು ಧಾರಾಳ. ಹಾಳು ಶುರುವಾಗುವುದೇ ಅಂಚಿನಿಂದ. ಅಂಚನ್ನು ಬಿಟ್ಟು ಸ್ಕ್ಯಾನ್ ಮಾಡಿದರೆ ಅದು ಎಲ್ಲಿಂದ ಬಂತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಎರಡನೇ ತೀರ್ಮಾನ: ಕ್ಯಾಮೆರಾದಲ್ಲಿ 'ಆಟೊ' ಅಂತ ಇರುವ ಎಲ್ಲವನ್ನೂ ಆಫ್ ಮಾಡುವುದು. ಆಟೊ ಎಕ್ಸ್‌ಪೋಶರ್ ಇದ್ದರೆ ಕಲೆ ಬಂದು ಫ್ರೇಮ್ ಬೆಳ್ಳಗಾದ ಕ್ಷಣ ಕ್ಯಾಮೆರಾ ಕತ್ತಲು ಮಾಡಿ ಸರಿದೂಗಿಸುತ್ತದೆ. ನಮಗೆ ಬೇಕಾದ ಏರಿಳಿತವೇ ಮಾಯ. ಎಲ್‌ಇಡಿಗೆ ಮಿನುಗಿಸಿ ಬೆಳಕು ತಗ್ಗಿಸುವ ಡಿಮ್ಮರ್ ಬೇಡ, ಸ್ಥಿರ ಕರೆಂಟ್ ಕೊಡುವ ಡ್ರೈವರ್ ಬೇಕು. ಇಲ್ಲದಿದ್ದರೆ ಕಲೆಯ ಮಿಣುಕು ಯಾವುದು, ಬಲ್ಬಿನ ಮಿಣುಕು ಯಾವುದು ಅಂತ ಬೇರೆ ಮಾಡಲು ಆಗಲ್ಲ. ಕರೆಂಟ್ ಹೋಗಿ ಫಿಲ್ಮ್ ನಿಂತಲ್ಲೇ ನಿಂತರೂ ಎಲ್‌ಇಡಿಯ ಮುಂದೆ ಅದು ಸುಡುವುದಿಲ್ಲ. ಹಳೇ ಪ್ರೊಜೆಕ್ಟರ್ ದೀಪ ಆಗಿದ್ದರೆ ಕಥೆಯೇ ಬೇರೆ.

ಒಂದು ಫ್ರೇಮಿಗೆ ಎರಡು ಸೆಕೆಂಡು ಬಿಟ್ಟೆ. 14,800 ಚಿಲ್ಲರೆ ಫ್ರೇಮಿಗೆ ಎಂಟು ಗಂಟೆ ದಾಟುತ್ತದೆ. ಕ್ಯಾಮೆರಾ ಕಂಡದ್ದನ್ನು ತಿದ್ದದೆ ಇಡುವ ಒಂದೊಂದು ರಾ ಫೈಲು 18 ಎಂಬಿ, ಎಲ್ಲ ಸೇರಿ 270 ಜಿಬಿ ಹತ್ತಿರ. ಆಮೇಲೆ ಇನ್ನೊಂದು ಪಾಸ್ ತೆಗೆದೆ. ಹಿಂದಿನ ದೀಪ ಆರಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು. ಇದು ಸಿನಿಮಾ ನೋಡುವ ರೀತಿ ಅಲ್ಲ, ಫಿಲ್ಮಿನ ಮೈ ನೋಡುವ ರೀತಿ. ಬೂಷ್ಟಿನ ಎಳೆಗಳು, ಜೆಲಟಿನ್ ಸುಕ್ಕು, ಬೆಳ್ಳಿ ಮೇಲೆ ಬಂದು ಕನ್ನಡಿಯಂತಾದ ಜಾಗ, ಎಲ್ಲ ಎದ್ದು ಕಾಣುತ್ತದೆ. ಮುಗಿದ ಸಿನಿಮಾದಲ್ಲಿ ಕೆಲವು ಕಡೆ ಎರಡು ಪಾಸುಗಳೂ ಒಂದರ ಮೇಲೊಂದು ಇವೆ.

ಕಲೆಗೆ ಲೆಕ್ಕ ಇದೆ

ಸ್ಕ್ಯಾನ್ ಮುಗಿಸಿ 24 ಫ್ರೇಮಿನ ವೇಗದಲ್ಲಿ ಓಡಿಸಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕೂರಿಗೆ ಹೊಡೆಯುವ ರೈತ ಅಲ್ಲ. ಸೌಂಡ್ ಟ್ರ್ಯಾಕಿನ ಕಡೆಯಿಂದ ಚಿತ್ರದ ನಡುವಿನವರೆಗೆ ನುಗ್ಗುವ ಒಂದು ಬಿಳಿ ಕಲೆ. ಮೂರ್ನಾಲ್ಕು ಫ್ರೇಮ್ ಇದ್ದು ಹೋಗುತ್ತದೆ. ಮತ್ತೆ ಬರುತ್ತದೆ. ಮತ್ತೆ. ಮೊದಲ ನಿಮಿಷದಲ್ಲಿ ಸಾವಕಾಶ, ಕೊನೆಯ ನಿಮಿಷದಲ್ಲಿ ಉಸಿರುಗಟ್ಟುವಷ್ಟು ಬೇಗ.

ಡಬ್ಬ ನೋಡಿದರೆ ಕಾರಣ ಅಲ್ಲೇ ಇದೆ. ಫಿಲ್ಮನ್ನು ರೀಲಿನಲ್ಲಿ ಇಡದೆ, ಕೋರ್ ಅನ್ನುವ ನಡುವಿನ ಪ್ಲಾಸ್ಟಿಕ್ ಬಿಲ್ಲೆಗೆ ಸುಮ್ನೆ ಸುತ್ತಿ ಮಲಗಿಸಿದ್ದಾರೆ. ಮುಚ್ಚಳ ಒಂದು ಕಡೆ ಒಳಕ್ಕೆ ತಗ್ಗಿ, ತಗ್ಗಿನ ಗೆರೆಯುದ್ದಕ್ಕೂ ತುಕ್ಕು ಹಿಡಿದು ತೂತಾಗಿದೆ. ಆ ಗೆರೆ ಹೊರಗಿನ ಸುತ್ತಿನಿಂದ ಕೋರಿನವರೆಗೆ ಹೋಗುತ್ತದೆ. ಅಲ್ಲಿಂದ ಇಳಿದ ನೀರು ಪ್ರತಿ ಸುತ್ತನ್ನೂ ಒಂದೇ ದಿಕ್ಕಿನಲ್ಲಿ ನೆನೆಸಿದೆ. ಹಾಗಾಗಿ ಸುತ್ತಿಗೊಂದು ಕಲೆ.

ಈಗ ಲೆಕ್ಕ. 400 ಅಡಿ ಫಿಲ್ಮನ್ನು 50 ಮಿ.ಮೀ. ಕೋರಿಗೆ ಸುತ್ತಿದರೆ ಹೊರಗಿನ ವ್ಯಾಸ ಸುಮಾರು 160 ಮಿ.ಮೀ. ಹೊರಗಿನ ಒಂದು ಸುತ್ತು 503 ಮಿ.ಮೀ., ಅಂದರೆ 66 ಫ್ರೇಮ್. ಎರಡೂ ಮುಕ್ಕಾಲು ಸೆಕೆಂಡಿಗೊಂದು ಕಲೆ. ಒಳಗಿನ ಕೊನೆಯ ಸುತ್ತು 157 ಮಿ.ಮೀ., 21 ಫ್ರೇಮಿಗೂ ಕಡಿಮೆ. ಸೆಕೆಂಡು ತುಂಬುವ ಮೊದಲೇ ಇನ್ನೊಂದು ಕಲೆ. ನಡುವೆ ಪ್ರತಿ ಸುತ್ತೂ ಸ್ವಲ್ಪ ಸ್ವಲ್ಪ ಚಿಕ್ಕದಾಗುತ್ತಾ ಹೋಗುತ್ತದೆ, ಎಂಟು ಸುತ್ತಿಗೊಮ್ಮೆ ಒಂದು ಫ್ರೇಮಿನಷ್ಟು. ವಿಳಂಬದಿಂದ ದ್ರುತಕ್ಕೆ ಹೋಗುವ ಈ ಲಯವನ್ನು ಯಾವ ಎಡಿಟರೂ ಕೂರಿಸಿದ್ದಲ್ಲ. ಫಿಲ್ಮಿನ ದಪ್ಪ ಕೂರಿಸಿದ್ದು.

ಇದನ್ನು ಕಣ್ಣಳತೆಗೆ ಬಿಡಲಿಲ್ಲ. ಪ್ರತಿ ಫ್ರೇಮಿನ ಅಂಚಿನ ಒಂದು ಪಟ್ಟಿಯ ಸರಾಸರಿ ಬೆಳಕು ತೆಗೆದು, ಶಿಖರಗಳನ್ನು ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಫ್ರೇಮ್ ಅಂತ ಸ್ಪ್ರೆಡ್‌ಶೀಟಿಗೆ ಹಾಕಿದೆ. ಗ್ರಾಫು ನೇರ ಗೆರೆಯಾಗಿ ಇಳಿಯಿತು. 66, 65, 64 ಅಂತ.

ಸ್ಟೆಬಿಲೈಸ್ ಮಾಡುವವರಿಗೆ, ಧೂಳು ತೆಗೆಯುವ ಸಾಫ್ಟ್‌ವೇರ್ ಹಾಕುವವರಿಗೆ ಇಲ್ಲೊಂದು ಮಾತು. ಧೂಳು ತೆಗೆಯುವ ಸಾಫ್ಟ್‌ವೇರ್ ಹಿಂದಿನ, ಮುಂದಿನ ಫ್ರೇಮಿನಲ್ಲಿ ಇಲ್ಲದ್ದನ್ನೆಲ್ಲ ಕಸ ಅಂದುಕೊಳ್ಳುತ್ತದೆ. ಪಕ್ಕದ ಫ್ರೇಮಿನಿಂದ ತೇಪೆ ಹಾಕುತ್ತದೆ. ಮೂರ್ನಾಲ್ಕು ಫ್ರೇಮಿನ ಕಲೆಯ ಅಂಚನ್ನು ಅದು ಮೊದಲು ತಿನ್ನುತ್ತದೆ. ಅದನ್ನು ಓಡಿಸಿದ ಮೇಲೆ ಈ ಲೆಕ್ಕ ಸಿಗುತ್ತಿರಲಿಲ್ಲ. ನಾನು ತೂತನ್ನು ಗುರುತಾಗಿ ಇಟ್ಟುಕೊಂಡು ಫ್ರೇಮ್ ಮೇಲೆ ಕೆಳಗೆ ಕುಣಿಯುವುದನ್ನು ಮಾತ್ರ ನಿಲ್ಲಿಸಿದೆ. ಬೇಸ್ ಸೊಟ್ಟಗಾಗಿ ಚಿತ್ರ ಬಳುಕುವುದನ್ನು ಹಾಗೇ ಬಿಟ್ಟೆ.

ಗುಡುಗು

ಫಿಲ್ಮಿನ ಪೂರ್ತಿ ಅಗಲ ಸ್ಕ್ಯಾನ್ ಮಾಡಿದ್ದರ ಇನ್ನೊಂದು ಲಾಭ: ಧ್ವನಿಗೆ ಬೇರೆ ಯಂತ್ರ ಬೇಡ. ಆಪ್ಟಿಕಲ್ ಟ್ರ್ಯಾಕ್ ಅಂದರೆ ಅಂಚಿನಲ್ಲಿ ಅಗಲ ಕಿರಿದಾಗುವ ಬಿಳಿ ಪಟ್ಟಿ. ಚಿತ್ರದ ಒಂದೊಂದು ಸಾಲನ್ನೂ ಒಂದೊಂದು ಸ್ಯಾಂಪಲ್ ಅಂತ ಓದಿದರೆ ಧ್ವನಿ ಸಿಗುತ್ತದೆ. ನನ್ನ ಸ್ಕ್ಯಾನಿನಲ್ಲಿ ಫ್ರೇಮಿಗೆ ಸುಮಾರು 1,900 ಸಾಲು, ಸೆಕೆಂಡಿಗೆ 24 ಫ್ರೇಮ್. ಹತ್ತಿರ 46 ಸಾವಿರ ಸ್ಯಾಂಪಲ್. 16 ಎಂಎಂ ಸೌಂಡಿಗೆ ಇದು ಬೇಕಾದ್ದಕ್ಕಿಂತ ಜಾಸ್ತಿ. ಈ ಕೆಲಸಕ್ಕೆ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ಮಾಡಿದ ಏಇಒ-ಲೈಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಫ್ರೇಮಿನ ಮೇಲೆ ಕೆಳಗೆ ಹೆಚ್ಚುವರಿ ಚೂರು ಇದ್ದದ್ದರಿಂದ ಒಂದರ ತುದಿ ಇನ್ನೊಂದಕ್ಕೆ ಹೊಂದಿಸುವುದು ಸಲೀಸಾಯಿತು.

ಮೊದಲ ಬಾರಿಗೆ ನಿರೂಪಕನ ದನಿ ಕೇಳಿದೆ. ಆಕಾಶವಾಣಿಯ ಕೃಷಿರಂಗದ ಥರದ ಗಟ್ಟಿ ಕನ್ನಡ. ಎಕರೆಗೆ ಎಷ್ಟು ಸೇರು ಬೀಜ, ಎಡೆಕುಂಟೆ ಯಾವಾಗ, ಬೆಂಕಿ ರೋಗ ಬಂದರೆ ತೆನೆ ಹೇಗೆ ಜೊಳ್ಳಾಗುತ್ತದೆ. ಬೆಂಕಿ ರೋಗವೂ ಶಿಲೀಂಧ್ರವೇ. ಬೂಷ್ಟು ತಿಂದ ಫಿಲ್ಮಿನಲ್ಲಿ ಬೂಷ್ಟಿನ ಪಾಠ. ಇದನ್ನು ಹಿಡಿದುಕೊಂಡು ಸಿನಿಮಾ ಮಾಡು ಅಂತ ಗೆಳೆಯರು ಹೇಳಿದರು. ತೀರಾ ಕೈಗೆಟುಕುವ ಜೋಕು, ಬಿಟ್ಟೆ.

ನನ್ನ ಕಿವಿ ಇದ್ದದ್ದು ಬೇರೆ ಕಡೆ. ಕಲೆ ಸೌಂಡ್ ಟ್ರ್ಯಾಕನ್ನೂ ತಿಂದಿದೆ. ಅಲ್ಲಿ ಬೆಳಕು ಒಮ್ಮೆಲೇ ನುಗ್ಗುವುದರಿಂದ 'ಧಡ್' ಅನ್ನುತ್ತದೆ. ಆದರೆ ಕಲೆ ಕಾಣಿಸಿದಾಗ ಈ ಸದ್ದು ಬರುವುದಿಲ್ಲ. ಪ್ರೊಜೆಕ್ಟರಿನಲ್ಲಿ ಧ್ವನಿ ಓದುವ ಜಾಗ ಗೇಟಿನಿಂದ ಮುಂದಿದೆ. ಅದಕ್ಕೆ 16 ಎಂಎಂ ಪ್ರಿಂಟಿನಲ್ಲಿ ಧ್ವನಿಯನ್ನು ಅದರ ಚಿತ್ರಕ್ಕಿಂತ 26 ಫ್ರೇಮ್ ಮುಂಚೆ ಅಚ್ಚು ಹಾಕುತ್ತಾರೆ. ಕಲೆ ಮೊದಲು ಗೇಟಿಗೆ ಬರುತ್ತದೆ, 26 ಫ್ರೇಮ್ ಸಾಗಿದ ಮೇಲೆ ಅದೇ ಕಲೆ ಧ್ವನಿಯ ಜಾಗಕ್ಕೆ ಬರುತ್ತದೆ. ಮಿಂಚು ಕಂಡು ಆಮೇಲೆ ಗುಡುಗು ಕೇಳುವ ಹಾಗೆ, ಒಂದು ಸೆಕೆಂಡಿಗಿಂತ ಚೂರು ಜಾಸ್ತಿ ಅಂತರ.

ಈ ಅಂತರ ಬದಲಾಗುವುದಿಲ್ಲ. ಕಲೆಯ ಸುತ್ತು ಮಾತ್ರ 66ರಿಂದ 21ಕ್ಕೆ ಇಳಿಯುತ್ತಾ ಬರುತ್ತದೆ. ಹಾಗಾದರೆ ನಡುವೆ ಎಲ್ಲೋ ಒಂದು ಕಡೆ ಸುತ್ತು ಸರಿಯಾಗಿ 26 ಫ್ರೇಮ್ ಆಗಲೇಬೇಕು. ಅಲ್ಲಿ ಹಿಂದಿನ ಕಲೆಯ ಧಡ್ ಮುಂದಿನ ಕಲೆಯ ಮೇಲೆ ಬಿದ್ದು, ನೋಟ-ಸದ್ದು ಕೂಡಿಕೊಳ್ಳಬೇಕು. ಲೆಕ್ಕ ಹಾಕಿದರೆ ರೋಲಿನ ವ್ಯಾಸ 63 ಮಿ.ಮೀ. ಇರುವ ಜಾಗ, ಕೊನೆಗೆ 42 ಸೆಕೆಂಡು ಇರುವಾಗ. ಹೆಡ್‌ಫೋನ್ ಹಾಕಿಕೊಂಡು ಅಲ್ಲಿಗೆ ಹೋದೆ. ಕಣದಲ್ಲಿ ರೋಣಗಲ್ಲು ಉರುಳುತ್ತಿದೆ, ಎತ್ತು ತಿರುಗುತ್ತಿವೆ. ಅಲ್ಲಿಯವರೆಗೆ ಕಲೆಯ ಹಿಂದೆ ತಡವರಿಸುತ್ತಿದ್ದ ಸದ್ದು ಹತ್ತಿರ ಬಂದು, ಹತ್ತಿರ ಬಂದು, ಕೂಡಿತು. ಕೆಲವು ಸುತ್ತು ಎರಡೂ ಒಂದೇ ಏಟಿಗೆ. ಆಮೇಲೆ ಮತ್ತೆ ಕಳಚಿಕೊಂಡಿತು. ಇಡೀ ಸಿನಿಮಾವನ್ನು ಆ ಜಾಗದ ಕಡೆಗೆ ಕಟ್ಟಬೇಕು ಅಂತ ಅವತ್ತೇ ತೀರ್ಮಾನ. ಶಾಟ್‌ಗಳ ಕ್ರಮ ಬದಲಿಸಲಿಲ್ಲ, ಸಂಗೀತ ಹಾಕಲಿಲ್ಲ. ಮಾತಿನ ಮಟ್ಟವನ್ನು ಮಾತ್ರ ನಿಮಿಷ ನಿಮಿಷಕ್ಕೂ ಸ್ವಲ್ಪ ಇಳಿಸುತ್ತಾ, ಧಡ್ ಅನ್ನು ಇದ್ದಷ್ಟೇ ಇಟ್ಟೆ. ಕೊನೆಯ ನಿಮಿಷಕ್ಕೆ ಬರುವಾಗ ನಿರೂಪಕ ಪಿಸುಗುಟ್ಟುತ್ತಿರುತ್ತಾನೆ.

47 ಸೆಕೆಂಡು

ಗ್ರಾಫಿಗೆ ವಾಪಸ್ ಬರುತ್ತೇನೆ. ಗೆರೆ ನೇರವಾಗಿ ಇಳಿಯಿತು ಅಂದೆ. ಒಂದು ಕಡೆ ಬಿಟ್ಟು. ಐದು ಮುಕ್ಕಾಲು ನಿಮಿಷದ ಹತ್ತಿರ ಸುತ್ತು 48 ಫ್ರೇಮ್ ಇದ್ದದ್ದು ಸೀದಾ 45ಕ್ಕೆ ಜಿಗಿಯಿತು.

ಆ ಜಾಗದಲ್ಲಿ ಫಿಲ್ಮ್ ನೋಡಿದರೆ ಹಳದಿಯಾದ ಒಂದು ಟೇಪ್ ಸ್ಪ್ಲೈಸ್, ಅಂದರೆ ಕತ್ತರಿಸಿದ ತುದಿಗಳನ್ನು ಟೇಪಿನಿಂದ ಅಂಟಿಸಿದ ಜಾಗ. ಓರೆ ಬೆಳಕಿನ ಪಾಸಿನಲ್ಲಿ ಟೇಪಿನ ಗೋಂದು ಕಲೆಯ ಮೇಲೆ ಕೂತಿರುವುದು ಸ್ಪಷ್ಟ. ಅಂದರೆ ಮೊದಲು ನೀರು ಬಿತ್ತು, ಒಣಗಿತು, ಆಮೇಲೆ ಯಾರೋ ಕತ್ತರಿಸಿದರು. ಹಾಳಾದ ಮೇಲೂ ಈ ಪ್ರಿಂಟನ್ನು ಯಾರೋ ಬಳಸುತ್ತಿದ್ದರು ಅನ್ನುವುದೇ ನನಗೆ ಹೊಸ ವಿಷಯ.

ಎಷ್ಟು ಕತ್ತರಿಸಿದರು ಅಂತಲೂ ಕಲೆಯೇ ಹೇಳುತ್ತದೆ. 48 ಫ್ರೇಮಿನ ಸುತ್ತಿಗೆ ವ್ಯಾಸ 116.4 ಮಿ.ಮೀ., 45ಕ್ಕೆ 109.1. ಈ ಎರಡು ವೃತ್ತಗಳ ನಡುವಿನ ಬಳೆಯ ವಿಸ್ತೀರ್ಣವನ್ನು ಫಿಲ್ಮಿನ ದಪ್ಪದಿಂದ ಭಾಗಿಸಿದರೆ ಉದ್ದ ಸಿಗುತ್ತದೆ: ಎಂಟೂವರೆ ಮೀಟರ್ ಚಿಲ್ಲರೆ. ಸುಮಾರು 1,130 ಫ್ರೇಮ್, 47 ಸೆಕೆಂಡು. ಮೈಕ್ರೋಮೀಟರಿನಲ್ಲಿ ದಪ್ಪ ತೀರಾ ಚೂರು ಆಚೀಚೆ ಆದರೆ ಒಂದೆರಡು ಸೆಕೆಂಡು ವ್ಯತ್ಯಾಸ ಬರಬಹುದು, ಅಷ್ಟೆ. ಇಲ್ಲದ ದೃಶ್ಯದ ಉದ್ದ ಇದ್ದ ಕಲೆಯಿಂದ ಸಿಕ್ಕಿತು.

ಏನಿತ್ತು ಆ 47 ಸೆಕೆಂಡಿನಲ್ಲಿ? ಕತ್ತರಿಯ ಮುಂಚೆ ಬೆಂಕಿ ರೋಗದ ತೆನೆಯ ಕ್ಲೋಸಪ್, 'ಇದಕ್ಕೆ ಬಿತ್ತುವ ಮೊದಲೇ' ಅನ್ನುವ ಮಾತು. ಆಮೇಲೆ ಸೀದಾ ಕಣ. 26 ಫ್ರೇಮಿನ ಅಂತರದಿಂದಾಗಿ ಕಣ ಕಾಣಿಸಿಕೊಂಡ ಮೇಲೂ ಒಂದು ಸೆಕೆಂಡು ರೋಗದ ಮಾತು ನಡೆಯುತ್ತದೆ, ಆಮೇಲೆ ತುಂಡಾಗುತ್ತದೆ. ಆ ಕಾಲದಲ್ಲಿ ಬೀಜೋಪಚಾರಕ್ಕೆ ಪಾದರಸ ಸೇರಿದ ಪುಡಿ ಬಳಸುತ್ತಿದ್ದರು, ಮುಂದೆ ಅದು ನಿಂತುಹೋಯಿತು. ಹಳೇ ಸಲಹೆ ಬೇಡ ಅಂತ ಯಾರೋ ತೆಗೆದಿರಬಹುದು. ಪ್ರೊಜೆಕ್ಟರಿನಲ್ಲಿ ಸಿಕ್ಕಿ ಹರಿದು, ಹಾಳಾದಷ್ಟನ್ನು ಕತ್ತರಿಸಿರಲೂಬಹುದು. ಇದು ನನ್ನ ಊಹೆ, ಸಿನಿಮಾದೊಳಗೆ ಹಾಕಲಿಲ್ಲ.

ಹಾಕಿದ್ದು ಇದು. ಸ್ಪ್ಲೈಸ್ ಇದ್ದ ಕಡೆ 47 ಸೆಕೆಂಡಿನ ಖಾಲಿ ಜಾಗ. ಚಿತ್ರವಿಲ್ಲ, ಮಾತಿಲ್ಲ. ಕಲೆ ಮಾತ್ರ ಬರುತ್ತಿರುತ್ತದೆ, 48 ಫ್ರೇಮಿನಿಂದ 45ಕ್ಕೆ ಇಳಿಯುತ್ತಾ, 24 ಸುತ್ತು. ಕಲೆಯ ಆಕಾರಗಳನ್ನು ಸ್ಪ್ಲೈಸಿನ ಹಿಂದು ಮುಂದಿನ ಸುತ್ತುಗಳಿಂದಲೇ ತೆಗೆದೆ. ಎಡಿಟಿಂಗ್ ಗೊತ್ತಿರುವ ಗೆಳೆಯನೊಬ್ಬ ಇದಕ್ಕೆ ತುಂಬಾ ಜಗಳ ಆಡಿದ. ಸಿಕ್ಕಿದ್ದನ್ನು ತೋರಿಸುವ ಸಿನಿಮಾದಲ್ಲಿ ನೀನು ಮಾಡಿದ ಕಲೆ ಯಾಕೆ, ಇದೂ ಆ್ಯಪಿನ ಎಫೆಕ್ಟೇ ಅಲ್ವಾ ಅಂತ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಆ ಜಾಗ, ಆ ಉದ್ದ, ಆ ಲಯ ಯಾವುದೂ ನನ್ನ ಆಯ್ಕೆ ಅಲ್ಲ. ಆದರೂ ಅವನ ಮಾತಿಗೆ ಬೆಲೆ ಕೊಟ್ಟು ಆ ಭಾಗದಲ್ಲಿ ಧಡ್ ಸದ್ದು ಹಾಕಲಿಲ್ಲ. ಕಲೆ ಸದ್ದಿಲ್ಲದೆ ಬರುತ್ತದೆ. ಯಾವುದು ಫಿಲ್ಮಿನದು, ಯಾವುದು ಲೆಕ್ಕದ್ದು ಅಂತ ನೋಡುವವರಿಗೆ ತಿಳಿಯಬೇಕು. ಅವನಿಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಇರಲಿ.

ಎಲ್ಲ ಸೇರಿ 11 ನಿಮಿಷ 4 ಸೆಕೆಂಡು ಆಯಿತು.

ಆನ್‌ಲೈನ್‌ಗೆ ಹಾಕಿದ್ದೀಯಾ ಅಂತ ಕೇಳುವವರಿಗೆ: ಇಲ್ಲ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಕಾಪಿರೈಟ್ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಇದು 1964 ಮತ್ತು 1973ರ ನಡುವಿನದು, ಆದ್ದರಿಂದ ಇನ್ನೂ ಜೀವಂತ ಇರುವ ಸಾಧ್ಯತೆಯೇ ಜಾಸ್ತಿ. ಯಾರದು ಅಂತ ಗೊತ್ತಿಲ್ಲದ ಕೃತಿಗೆ ಅನುಮತಿ ಕೇಳಲು 31ಎ ಅನ್ನುವ ಕಲಮು ಇದೆ. ವಕೀಲರೊಬ್ಬರನ್ನು ಹಿಡಿದಿದ್ದೇನೆ. ಅಲ್ಲಿಯವರೆಗೆ ಮನೆಗೆ ಬಂದವರಿಗೆ ಗೋಡೆಯ ಮೇಲೆ. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನಾ'ದ ಪ್ರಿಂಟೇ ನಮಗೆ ಉಳಿದಿಲ್ಲ. ರಾಗಿ ಪಾಠದ ಪ್ರಿಂಟಿಗೆ ವಾರಸುದಾರರು ಹುಡುಕಿಕೊಂಡು ಬರುತ್ತಾರೆ ಅಂತ ನಂಬಿಕೆ ಇಲ್ಲ, ಬಂದರೆ ರೋಲು, ರಾ ಫೈಲು, ಸ್ಪ್ರೆಡ್‌ಶೀಟು ಮೂರೂ ಕೊಡುತ್ತೇನೆ.

ತೋರಿಸುವವರಿಗೆ ಒಂದೇ ಷರತ್ತು. 24 ಫ್ರೇಮಿನ ಫೈಲನ್ನು 25ಕ್ಕೋ 30ಕ್ಕೋ ಬದಲಿಸಬೇಡಿ. ಫ್ರೇಮ್ ಸೇರಿಸಿ, ಬೆರೆಸಿ ಬದಲಿಸಿದರೆ 26ರ ಲೆಕ್ಕ ಮಸುಕಾಗುತ್ತದೆ, ಕೊನೆಯ 42 ಸೆಕೆಂಡಿನ ಕೂಡಿಕೆ ಕೆಡುತ್ತದೆ.

ಎರಡನೇ ಡಬ್ಬ ತೆರೆದಿದ್ದೇನೆ. ನೂರು ಫ್ರೇಮಿಗೆ 746 ಮಿ.ಮೀ. ಇದೆ, ಫ್ರೇಮಿಗೆ 313 ಹೆಜ್ಜೆ. ಅದನ್ನು ಮಲಗಿಸದೆ ನಿಲ್ಲಿಸಿ ಇಟ್ಟಿದ್ದರು ಅಂತ ಕಾಣುತ್ತದೆ, ಕಲೆ ಹೊರಗಿನ ಸುತ್ತುಗಳಲ್ಲಿ ಮಾತ್ರ ಇದೆ.